ಶೀತಕದ ಕೋಷ್ಟಕವನ್ನು ಓದುವ ಬಗೆ: ಹವಾನಿಯಂತ್ರಣ ಕಂಪ್ರೆಸರ್ ಆಯ್ಕೆಯ ಲೆಕ್ಕಾಚಾರ

ಹವಾನಿಯಂತ್ರಣ ಯಂತ್ರಗಳನ್ನು ಜೋಡಿಸುವ, ಮಾರುವ ಹಾಗೂ ದುರಸ್ತಿ ಮಾಡುವ ನಮ್ಮ ಉದ್ಯಮದಲ್ಲಿ ಬಹುಕಾಲ ಒಂದೇ ಶೀತಕವು ಆಳ್ವಿಕೆ ನಡೆಸಿತು. ಅದು ಆರ್-22. ಸಕ್ಷನ್ ಕಡೆಯ ಗೇಜು ಎಪ್ಪತ್ತು ಪಿಎಸ್‌ಐ ಆಸುಪಾಸಿನಲ್ಲಿ ನಿಂತರೆ ಯಂತ್ರ ಸರಿಯಾಗಿದೆ ಎಂಬುದು ಪ್ರತಿಯೊಬ್ಬ ಮೆಕ್ಯಾನಿಕ್‌ಗೂ ಬಾಯಿಪಾಠವಾಗಿತ್ತು. ಇಷ್ಟು ಟನ್ನಿಗೆ ಇಂಥ ಮಾದರಿಯ ಕಂಪ್ರೆಸರ್ ಎಂಬುದು ವ್ಯಾಪಾರಿಗಳ ನಾಲಿಗೆಯ ತುದಿಯಲ್ಲಿತ್ತು. ಶೀತಕದ ಗುಣಲಕ್ಷಣಗಳ ಕೋಷ್ಟಕವನ್ನು ತೆರೆದು ನೋಡುವ ಅಗತ್ಯವೇ ಯಾರಿಗೂ ಬೀಳುತ್ತಿರಲಿಲ್ಲ.

ಆ ಕಾಲ ಮುಗಿದಿದೆ. ಓಜೋನ್ ಪದರದ ರಕ್ಷಣೆಗಾಗಿ 1987ರಲ್ಲಿ ರೂಪುಗೊಂಡ ಮಾಂಟ್ರಿಯಲ್ ಒಪ್ಪಂದದ ವೇಳಾಪಟ್ಟಿಯಂತೆ ಭಾರತವು ಆರ್-22 ಸೇರಿದ ವರ್ಗದ ಶೀತಕಗಳ ಬಳಕೆಯನ್ನು ಹಂತಹಂತವಾಗಿ ಇಳಿಸುತ್ತ ಬಂದಿದೆ. ಹೊಸ ಉಪಕರಣಗಳ ತಯಾರಿಕೆಯಲ್ಲಿ ಇವುಗಳ ಬಳಕೆ 2024ರ ಅಂತ್ಯದೊಡನೆ ನಿಂತಿತು. 2030ರ ನಂತರ 2040ರವರೆಗೆ, ಹಳೆಯ ಯಂತ್ರಗಳ ಸರ್ವಿಸಿಗೆಂದು ಅತ್ಯಲ್ಪ ಪ್ರಮಾಣ ಮಾತ್ರ ಉಳಿಯುತ್ತದೆ. ಅದರ ಸ್ಥಾನದಲ್ಲಿ ಆರ್-32, ಆರ್-410ಎ, ಆರ್-134ಎ, ಆರ್-407ಸಿ, ಪ್ರೊಪೇನ್ ಎಂಬ ಆರ್-290 ಎಲ್ಲವೂ ಅಂಗಡಿಯ ಕಪಾಟಿನಲ್ಲಿ ಒಟ್ಟಿಗೆ ಕುಳಿತಿವೆ. ಇವುಗಳಲ್ಲಿಯೂ ಮೊದಲ ನಾಲ್ಕು ಶಾಶ್ವತವಲ್ಲ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅನುಮೋದಿಸಿದ್ದು, ಅದರಂತೆ ಈ ವರ್ಗದ ಬಳಕೆಯನ್ನು 2028ರಲ್ಲಿ ಮಿತಿಗೊಳಿಸಿ, 2032ರಿಂದ ಇಳಿಸಲಾರಂಭಿಸಿ, 2047ರ ವೇಳೆಗೆ ಶೇ. 85ರಷ್ಟು ಕಡಿತ ಮಾಡಬೇಕಾಗಿದೆ. ಎಂದರೆ ಇಂದು ವ್ಯಾಪಾರಕ್ಕಿಳಿಯುವ ಯುವಕನೊಬ್ಬನು ತನ್ನ ವೃತ್ತಿಜೀವನದಲ್ಲಿ ಹಲವು ಬಾರಿ ಶೀತಕ ಬದಲಾಗುವುದನ್ನು ಕಾಣುವನು.

ಒಂದು ಶೀತಕಕ್ಕೆ ಕಲಿತ ಅಂದಾಜು ಇನ್ನೊಂದಕ್ಕೆ ಸಲ್ಲುವುದಿಲ್ಲ. ತಪ್ಪು ಅಂದಾಜಿನಿಂದ ಆಗುವ ನಷ್ಟವು ಕಂಪ್ರೆಸರ್ ಕಂಪನಿಯ ಮೇಲೆ ಬೀಳುವುದೂ ಇಲ್ಲ. ಆರ್ಡರಿನಲ್ಲಿ ಬರೆದ ಮಾದರಿ ಸಂಖ್ಯೆಯ ಪ್ರಕಾರ ಅದು ಮಾಲು ಕಳುಹಿಸಿರುತ್ತದೆ. ಯಂತ್ರ ಜೋಡಿಸಿ, ಗ್ರಾಹಕನ ಘಟಕದಲ್ಲಿ ನಿಲ್ಲಿಸಿ, ಸಾಮರ್ಥ್ಯ ಬಾರದೆ ಕೈಕೈ ಹಿಸುಕಿಕೊಳ್ಳಬೇಕಾದವನು ಸಣ್ಣ ತಯಾರಕನೇ. ಈ ನಷ್ಟವನ್ನು ತಪ್ಪಿಸಲು ಬೇಕಾದದ್ದು ಒಂದು ಪುಟದ ಕೋಷ್ಟಕ, ಒಂದು ಕ್ಯಾಲ್ಕುಲೇಟರ್ ಮತ್ತು ಅರ್ಧ ಗಂಟೆಯ ಸಮಾಧಾನ.

ಕೋಷ್ಟಕದಲ್ಲಿ ಏನಿದೆ?

ಮುಚ್ಚಿದ ಪಾತ್ರೆಯಲ್ಲಿ ದ್ರವವೂ ಅದರ ಆವಿಯೂ ಒಟ್ಟಿಗೆ ಇರುವಾಗ, ಪ್ರತಿಯೊಂದು ಉಷ್ಣತೆಗೂ ಒಂದು ನಿಶ್ಚಿತ ಒತ್ತಡವಿರುತ್ತದೆ. ಈ ಸ್ಥಿತಿಗೆ ಸಂತೃಪ್ತ ಸ್ಥಿತಿ ಎಂದು ಹೆಸರು. ಶೀತಕದ ಕೋಷ್ಟಕದ ಪ್ರತಿ ಸಾಲೂ ಇಂಥ ಒಂದು ಸ್ಥಿತಿಯನ್ನು ವಿವರಿಸುತ್ತದೆ. ಆರ್-134ಎ ಶೀತಕದ ಕೆಲವು ಸಾಲುಗಳನ್ನು ಇಲ್ಲಿ ಕೊಡಲಾಗಿದೆ. ಒತ್ತಡವು ಕಿಲೋಪಾಸ್ಕಲ್‌ಗಳಲ್ಲಿ, ಆವಿಯ ಗಾತ್ರವು ಕಿಲೋಗ್ರಾಮಿಗೆ ಘನ ಮೀಟರ್‌ಗಳಲ್ಲಿ, ಎಂಥಾಲ್ಪಿಯು ಕಿಲೋಗ್ರಾಮಿಗೆ ಕಿಲೋಜೌಲ್‌ಗಳಲ್ಲಿ ಇದೆ.

| ಉಷ್ಣತೆ (ಡಿಗ್ರಿ ಸೆಲ್ಸಿಯಸ್) | ಒತ್ತಡ | ಆವಿಯ ಗಾತ್ರ | ದ್ರವದ ಎಂಥಾಲ್ಪಿ | ಆವಿಯ ಎಂಥಾಲ್ಪಿ |
|---|---|---|---|---|
| 0 | 293 | 0.0693 | 200.0 | 398.6 |
| 5 | 350 | 0.0583 | 206.8 | 401.5 |
| 10 | 415 | 0.0494 | 213.6 | 404.3 |
| 40 | 1017 | 0.0200 | 256.4 | 419.4 |
| 50 | 1318 | 0.0151 | 271.6 | 423.4 |
| 60 | 1682 | 0.0114 | 287.5 | 426.6 |

ಎಂಥಾಲ್ಪಿ ಎಂಬ ಪದವನ್ನು ಕಂಡು ಓದುಗರು ಪುಟ ಮಗುಚಬೇಕಾಗಿಲ್ಲ. ಒಂದು ಕಿಲೋಗ್ರಾಂ ಶೀತಕವು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹರಿಯುವಾಗ ಹೊತ್ತೊಯ್ಯುವ ಶಾಖದ ಲೆಕ್ಕ ಎಂದು ತಿಳಿದರೆ ನಮ್ಮ ಕೆಲಸಕ್ಕೆ ಸಾಕು. ಖಾತೆ ಪುಸ್ತಕದ ಶಿಲ್ಕಿನ ಹಾಗೆ, ಅದರ ಒಂದೊಂದು ಅಂಕಿಗೆ ಅಷ್ಟಾಗಿ ಅರ್ಥವಿಲ್ಲ. ಎರಡು ಶಿಲ್ಕುಗಳ ನಡುವಿನ ವ್ಯತ್ಯಾಸಕ್ಕೆ ಅರ್ಥವಿದೆ. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಇದರಿಂದಲೇ ಒಂದು ದೊಡ್ಡ ಪ್ರಮಾದ ಹುಟ್ಟುವುದನ್ನು ನೋಡಲಿದ್ದೇವೆ.

ಒಂದು ಉದಾಹರಣೆ

ಪೀಣ್ಯದಲ್ಲಿ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕಕ್ಕೆ 5 ಟನ್ ಸಾಮರ್ಥ್ಯದ ನೀರು ತಂಪು ಮಾಡುವ ಚಿಲ್ಲರ್ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಇಂಥ ಚಿಲ್ಲರ್‌ಗಳಿಗೂ ಹವಾನಿಯಂತ್ರಣ ಶ್ರೇಣಿಯ ಕಂಪ್ರೆಸರ್‌ಗಳೇ ಬಳಕೆಯಾಗುತ್ತವೆ. ಇವಾಪರೇಟರ್‌ನಲ್ಲಿ ಶೀತಕವು 5 ಡಿಗ್ರಿಯಲ್ಲಿ ಕುದಿಯುವುದೆಂದೂ, ಕಂಡೆನ್ಸರ್‌ನಲ್ಲಿ 50 ಡಿಗ್ರಿಯಲ್ಲಿ ದ್ರವವಾಗುವುದೆಂದೂ ಭಾವಿಸೋಣ. ಟನ್ ಎಂಬುದು ಮಂಜುಗಡ್ಡೆಯ ಕಾಲದಿಂದ ಉಳಿದು ಬಂದ ಅಳತೆ, 2000 ಪೌಂಡ್ ಮಂಜುಗಡ್ಡೆಯು 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖ. ಇಂದಿನ ಅಳತೆಯಲ್ಲಿ ಅದು 3.517 ಕಿಲೋವಾಟ್. ಆದ್ದರಿಂದ 5 ಟನ್ ಎಂದರೆ ಸುಮಾರು 17.6 ಕಿಲೋವಾಟ್.

ಒಂದು ಕಿಲೋಗ್ರಾಂ ಶೀತಕವು ನೀರಿನಿಂದ ಎಷ್ಟು ಶಾಖವನ್ನು ಹೀರಬಲ್ಲದು? 5 ಡಿಗ್ರಿಯ ಸಾಲನ್ನು ನೋಡಿ 401.5ರಿಂದ 206.8ನ್ನು ಕಳೆದು 194.7 ಎನ್ನುವುದು ಸಹಜವಾದ ಆತುರ. ಆದರೆ ಇವಾಪರೇಟರ್‌ಗೆ ಬರುವ ದ್ರವವು 5 ಡಿಗ್ರಿಯದಲ್ಲ, ಕಂಡೆನ್ಸರ್‌ನಿಂದ 50 ಡಿಗ್ರಿಯಲ್ಲಿ ಹೊರಟದ್ದು. ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಒತ್ತಡ ಇಳಿಯುತ್ತದೆಯೇ ಹೊರತು ಎಂಥಾಲ್ಪಿ ಬದಲಾಗುವುದಿಲ್ಲ. ಆದ್ದರಿಂದ ಕಳೆಯಬೇಕಾದದ್ದು 50 ಡಿಗ್ರಿಯ ದ್ರವದ 271.6. ಉತ್ತರ 129.9 ಕಿಲೋಜೌಲ್. ಈ ಎರಡು ಉತ್ತರಗಳ ನಡುವಿನ ಅಂತರ ಮೂರನೇ ಒಂದು ಭಾಗ. ಬಿಸಿ ದ್ರವದ ಒಂದಂಶವು ವಾಲ್ವಿನಲ್ಲಿಯೇ ಆವಿಯಾಗಿ, ಉಳಿದ ದ್ರವವನ್ನು 5 ಡಿಗ್ರಿಗೆ ಇಳಿಸುವುದರಲ್ಲಿ ಈ ಭಾಗ ವ್ಯಯವಾಗುತ್ತದೆ. ನೀರಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ.

ಈಗ 17.6ನ್ನು 129.9ರಿಂದ ಭಾಗಿಸಿದರೆ ಸೆಕೆಂಡಿಗೆ 0.1354 ಕಿಲೋಗ್ರಾಂ, ಅಂದರೆ ಗಂಟೆಗೆ ಸುಮಾರು 487 ಕಿಲೋಗ್ರಾಂ ಶೀತಕ ಹರಿಯಬೇಕು. ಆದರೆ ಕಂಪ್ರೆಸರ್ ಕಿಲೋಗ್ರಾಂಗಳನ್ನು ಅರಿಯದು, ಅದು ಗಾತ್ರವನ್ನು ಸೆಳೆಯುವ ಯಂತ್ರ. ಒಂದು ಸುತ್ತಿಗೆ ಅದರ ಸಿಲಿಂಡರಿನಲ್ಲಿ ಎಷ್ಟು ಜಾಗವಿದೆಯೋ ಅಷ್ಟು ಆವಿಯನ್ನು ಮಾತ್ರ ಎಳೆದುಕೊಳ್ಳುತ್ತದೆ. 5 ಡಿಗ್ರಿಯಲ್ಲಿ ಪ್ರತಿ ಕಿಲೋಗ್ರಾಂ ಆವಿಗೆ 0.0583 ಘನ ಮೀಟರ್ ಜಾಗ ಬೇಕು. ಗುಣಿಸಿದರೆ ಗಂಟೆಗೆ 28.4 ಘನ ಮೀಟರ್. ಕಂಪ್ರೆಸರ್ ತನ್ನ ಜಾಗದ ಶೇ. 90ರಷ್ಟನ್ನು ಮಾತ್ರ ಹೊಸ ಆವಿಯಿಂದ ತುಂಬಿಕೊಳ್ಳುತ್ತದೆಂದು ಹಿಡಿದರೆ, ಕ್ಯಾಟಲಾಗಿನಲ್ಲಿ ಗಂಟೆಗೆ ಸುಮಾರು 32 ಘನ ಮೀಟರ್ ಡಿಸ್‌ಪ್ಲೇಸ್‌ಮೆಂಟ್ ಇರುವ ಮಾದರಿಯನ್ನು ಹುಡುಕಬೇಕು.

ವಿದ್ಯುತ್ತಿನ ಲೆಕ್ಕಕ್ಕೆ ಸೂಪರ್‌ಹೀಟ್ ಆದ ಆವಿಯ ಕೋಷ್ಟಕ ಬೇಕಾಗುತ್ತದೆ. ಕುದಿಯುವ ಬಿಂದುವಿಗಿಂತ ಹೆಚ್ಚು ಬಿಸಿಯಾದ ಆವಿಗೆ ಈ ಹೆಸರು. ನಷ್ಟವಿಲ್ಲದ ಆದರ್ಶ ಒತ್ತುವಿಕೆಯಲ್ಲಿ ಎಂಟ್ರೋಪಿ ಎಂಬ ಇನ್ನೊಂದು ಗುಣ ಬದಲಾಗದು ಎಂಬ ನಿಯಮದಿಂದ, 1318 ಕಿಲೋಪಾಸ್ಕಲ್ ಒತ್ತಡದಲ್ಲಿ ಹೊರಬರುವ ಆವಿಯ ಎಂಥಾಲ್ಪಿ ಸುಮಾರು 429 ಎಂದು ದೊರೆಯುತ್ತದೆ. ಒಳಹೋದದ್ದು 401.5. ವ್ಯತ್ಯಾಸವಾದ 27.6 ಕಿಲೋಜೌಲ್ ಕಂಪ್ರೆಸರ್ ಮಾಡಿದ ಕೆಲಸ. 129.9ನ್ನು ಇದರಿಂದ ಭಾಗಿಸಿದರೆ 4.7. ಇದು ಒಂದು ಯೂನಿಟ್ ವಿದ್ಯುತ್ತಿಗೆ ದೊರೆಯುವ ತಂಪಿನ ಆದರ್ಶ ಮಿತಿ. ಮೋಟಾರಿನ ನಷ್ಟ, ಘರ್ಷಣೆ, ಸೋರಿಕೆ ಎಲ್ಲವನ್ನೂ ಸೇರಿಸಿದಾಗ ವಾಸ್ತವದ ಯಂತ್ರವು ಈ ಆದರ್ಶದ ಮೂರನೇ ಎರಡು ಭಾಗದ ಸುತ್ತಮುತ್ತ ನಿಲ್ಲುತ್ತದೆ. ಆದ್ದರಿಂದ ನಮ್ಮ ಚಿಲ್ಲರ್‌ನ ಕಂಪ್ರೆಸರ್ ಮಾತ್ರವೇ ಐದೂವರೆ ಕಿಲೋವಾಟ್‌ನ ಆಸುಪಾಸು ಎಳೆಯುತ್ತದೆ. ಪಂಪು ಮತ್ತು ಫ್ಯಾನುಗಳ ಲೆಕ್ಕ ಬೇರೆ.

ಗ್ಯಾಸ್ ಬದಲಾಯಿಸಿದರೆ ಏನಾಗುತ್ತದೆ?

ಇದೇ ಲೆಕ್ಕವನ್ನು ಆರ್-22ಕ್ಕೆ ಮಾಡಿ ನೋಡುವುದು ಬೋಧಪ್ರದವಾಗಿದೆ. 5 ಡಿಗ್ರಿಯ ಆವಿಗೆ ಸುಮಾರು 407, 50 ಡಿಗ್ರಿಯ ದ್ರವಕ್ಕೆ ಸುಮಾರು 263. ಪ್ರತಿ ಕಿಲೋಗ್ರಾಮಿಗೆ 144 ಕಿಲೋಜೌಲ್. ಇದು ಆರ್-134ಎಗಿಂತ ಸ್ವಲ್ಪವೇ ಹೆಚ್ಚು. ಇಷ್ಟನ್ನೇ ನೋಡಿದವನು ಎರಡರಲ್ಲಿ ದೊಡ್ಡ ಅಂತರವಿಲ್ಲವೆಂದು ತೀರ್ಮಾನಿಸಿಬಿಡುವನು. ಆದರೆ ಆವಿಯ ಗಾತ್ರದ ಕಂಬವನ್ನು ನೋಡಬೇಕು. ಆರ್-22ರ ಆವಿಗೆ ಕಿಲೋಗ್ರಾಮಿಗೆ 0.0403 ಘನ ಮೀಟರ್ ಸಾಕು. ಅದೇ 5 ಟನ್ನಿಗೆ ಗಂಟೆಗೆ 17.7 ಘನ ಮೀಟರ್ ಆವಿ, ಅಂದರೆ ಸುಮಾರು 20 ಘನ ಮೀಟರ್ ಡಿಸ್‌ಪ್ಲೇಸ್‌ಮೆಂಟ್‌ನ ಕಂಪ್ರೆಸರ್ ಸಾಲುತ್ತದೆ.

ಹೀಗಿರುವಾಗ ಆರ್-22ಗೆಂದು ಕೊಂಡ ಕಂಪ್ರೆಸರ್‌ಗೆ ಆರ್-134ಎ ತುಂಬಿದರೆ, 5 ಟನ್ನಿನ ಯಂತ್ರವು 3 ಟನ್ನಿಗಿಂತ ತುಸು ಹೆಚ್ಚಿನ ಯಂತ್ರವಾಗಿಬಿಡುತ್ತದೆ. ಇಲ್ಲಿ ಒಂದು ಮೋಸಗೊಳಿಸುವ ಸಂಗತಿಯಿದೆ. ಹರಿವು ಕಡಿಮೆಯಾದ್ದರಿಂದ ಮೋಟಾರ್ ಎಳೆಯುವ ಆಂಪಿಯರ್ ಕೂಡ ಇಳಿಯುತ್ತದೆ. ಕ್ಲ್ಯಾಂಪ್ ಮೀಟರ್ ಹಿಡಿದವರು ಕರೆಂಟ್ ಉಳಿತಾಯವಾಯಿತೆಂದು ಸಂತೋಷಪಡುತ್ತಾರೆ. ಯಂತ್ರ ಮೂರು ಗಂಟೆ ಓಡುತ್ತಿದ್ದಲ್ಲಿ ಐದು ಗಂಟೆ ಓಡುತ್ತಿದೆ ಎಂಬುದು ತಿಂಗಳ ಬಿಲ್ಲು ಬಂದಾಗ ತಿಳಿಯುತ್ತದೆ. ಜೊತೆಗೆ, ಆರ್-22ರ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಖನಿಜ ತೈಲವು ಆರ್-134ಎಯೊಡನೆ ಬೆರೆಯುವುದಿಲ್ಲ. ಪಿಒಇ ಎಂಬ ಬೇರೆ ತೈಲವೇ ಬೇಕು.

ಆರ್-32ರ ಕಥೆ ಇದಕ್ಕೆ ವಿರುದ್ಧ. ಅದರ ಪ್ರತಿ ಕಿಲೋಗ್ರಾಮಿಗೆ ಸುಮಾರು 218 ಕಿಲೋಜೌಲ್ ದೊರೆಯುತ್ತದೆ, ಆವಿಯೂ ಸಾಂದ್ರವಾಗಿದೆ. ಅದೇ 5 ಟನ್ನಿಗೆ 12ರಿಂದ 13 ಘನ ಮೀಟರಿನ ಕಂಪ್ರೆಸರ್ ಸಾಕು. ಜಾಗತಿಕ ತಾಪಮಾನ ಏರಿಕೆಯ ಸೂಚ್ಯಂಕದಲ್ಲಿ ಆರ್-410ಎಗೆ 2088 ಇದ್ದರೆ ಇದಕ್ಕೆ 675 ಮಾತ್ರ. ರೂಮ್ ಏಸಿ ತಯಾರಕರು ಇದರ ಕಡೆ ವಾಲಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಒತ್ತಡದ ಕಂಬವನ್ನೂ ಓದಬೇಕು. 50 ಡಿಗ್ರಿಯಲ್ಲಿ ಆರ್-22ರ ಒತ್ತಡ ಸುಮಾರು 1940 ಕಿಲೋಪಾಸ್ಕಲ್, ಆರ್-32ರದು ಸುಮಾರು 3140. ಕಂಪ್ರೆಸರ್‌ನಿಂದ ಹೊರಬರುವ ಆವಿಯ ಉಷ್ಣತೆಯೂ ಗಣನೀಯವಾಗಿ ಹೆಚ್ಚು. ಮೇಲಾಗಿ ಇದು ಮಂದಗತಿಯಲ್ಲಾದರೂ ಉರಿಯುವ ಅನಿಲ, ಪ್ರೊಪೇನ್ ಅಂತೂ ಧಾರಾಳವಾಗಿ ಉರಿಯುತ್ತದೆ. ಹಳೆಯ ಆರ್-22 ಯಂತ್ರಕ್ಕೆ ಇವೆರಡರಲ್ಲಿ ಯಾವುದನ್ನೂ ತುಂಬಲಾಗದು. ಈ ವಿಷಯದಲ್ಲಿ ರಿಯಾಯಿತಿಯ ಮಾತೇ ಇಲ್ಲ.

ಎರಡು ಉಷ್ಣತೆಗಳ ಬೆಲೆ

ಕೋಷ್ಟಕವು ಇನ್ನೊಂದು ಉಪಯುಕ್ತ ಪಾಠವನ್ನು ಹೇಳುತ್ತದೆ. ಮೇಲಿನ ಆರ್-134ಎ ಕೋಷ್ಟಕವನ್ನೇ ಹಿಡಿದು, ಕಂಡೆನ್ಸರ್ 50 ಡಿಗ್ರಿಯಲ್ಲಿಯೇ ಇರಲಿ, ಇವಾಪರೇಟರ್‌ನ ಉಷ್ಣತೆಯನ್ನು ಮಾತ್ರ ಬದಲಾಯಿಸೋಣ. ಕಂಪ್ರೆಸರ್ ಎಳೆಯುವ ಒಂದು ಘನ ಮೀಟರ್ ಆವಿಯಿಂದ 10 ಡಿಗ್ರಿಯಲ್ಲಿ ಸುಮಾರು 2690 ಕಿಲೋಜೌಲ್ ತಂಪು, 5 ಡಿಗ್ರಿಯಲ್ಲಿ 2230, ಸೊನ್ನೆ ಡಿಗ್ರಿಯಲ್ಲಿ 1830. ಇವಾಪರೇಟರ್ 5 ಡಿಗ್ರಿ ಕೆಳಗಿಳಿದರೆ ಸಾಮರ್ಥ್ಯದ ಆರನೇ ಒಂದು ಭಾಗಕ್ಕೂ ಹೆಚ್ಚು ಹೋಯಿತು. ಕಾಯಿಲ್ ಚಿಕ್ಕದಾಗಿ ಕಟ್ಟುವುದರಿಂದ, ಫಿಲ್ಟರ್‌ನಲ್ಲಿ ಧೂಳು ಕಟ್ಟಿಕೊಳ್ಳುವುದರಿಂದ, ಚಿಲ್ಲರ್ ನೀರಿನಲ್ಲಿ ಪಾಚಿ ಹಿಡಿಯುವುದರಿಂದ ಆಗುವುದು ಇದೇ. ಕಂಪ್ರೆಸರ್ ಬದಲಾಯಿಸಬೇಕೆಂದು ಗ್ರಾಹಕನು ದೂರುವ ಸಂದರ್ಭಗಳಲ್ಲಿ ಎಷ್ಟೋ ಸಲ ಬದಲಾಯಿಸಬೇಕಾದದ್ದು ಫಿಲ್ಟರ್.

ಕಂಡೆನ್ಸರ್ 50ರಿಂದ 60ಕ್ಕೆ ಏರಿದರೆ ಸಾಮರ್ಥ್ಯದಲ್ಲಿ ಶೇ. 12ರಷ್ಟು ಮಾತ್ರ ಇಳಿಕೆ. ಹೊಡೆತ ಬೀಳುವುದು ವಿದ್ಯುತ್ತಿಗೆ. ಆದರ್ಶ ಲೆಕ್ಕದಲ್ಲಿ 4.7 ಇದ್ದದ್ದು 3.5ಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ತಂಪಿಗೆ ಮೂರನೇ ಒಂದು ಭಾಗದಷ್ಟು ಹೆಚ್ಚು ಕರೆಂಟು. ಬೆಂಗಳೂರಿನ ಹವೆಗೆ ಲೆಕ್ಕ ಹಾಕಿ ಕಟ್ಟಿದ ಯಂತ್ರವನ್ನು ಕಲಬುರಗಿ ಅಥವಾ ರಾಯಚೂರಿಗೆ ಕಳುಹಿಸುವ ತಯಾರಕರು ಈ ಸಾಲನ್ನು ಎರಡು ಸಲ ಓದುವುದು ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿನ ಹವೆಯೇ 42 ಡಿಗ್ರಿ ಇರುವಾಗ ಕಂಡೆನ್ಸರ್ 60ರ ಹತ್ತಿರ ಓಡದೆ ಗತಿಯಿಲ್ಲ. ಅಂಥ ಊರಿಗೆ ಕಂಡೆನ್ಸರ್ ಕಾಯಿಲ್ ದೊಡ್ಡದು ಮಾಡಲು ತಗಲುವ ಖರ್ಚನ್ನು ಕೊಟೇಷನ್ನಿನಲ್ಲಿಯೇ ತೋರಿಸಿ, ವರ್ಷದ ಬಿಲ್ಲಿನಲ್ಲಿ ಅದು ಹೇಗೆ ಮರಳಿ ಬರುತ್ತದೆಂದು ಗ್ರಾಹಕನಿಗೆ ಲೆಕ್ಕ ಕೊಟ್ಟರೆ ದರದ ಚೌಕಾಸಿ ಬಹುಮಟ್ಟಿಗೆ ತಗ್ಗುತ್ತದೆ.

ಕೋಷ್ಟಕಗಳ ಬೆರಕೆ

ಇನ್ನು ಮೊದಲು ಸೂಚಿಸಿದ ಪ್ರಮಾದದ ವಿಷಯ. ಮೇಲೆ ಕೊಟ್ಟ ಕೋಷ್ಟಕದಲ್ಲಿ ಸೊನ್ನೆ ಡಿಗ್ರಿಯ ದ್ರವದ ಎಂಥಾಲ್ಪಿ ಸರಿಯಾಗಿ 200 ಇರುವುದನ್ನು ಓದುಗರು ಗಮನಿಸಿರಬಹುದು. ಅದು ನಿಸರ್ಗ ಕೊಟ್ಟ ಅಂಕಿಯಲ್ಲ, ಅಂತರರಾಷ್ಟ್ರೀಯ ಶೈತ್ಯ ಸಂಸ್ಥೆಯ ಒಪ್ಪಂದ. ಅಮೆರಿಕದ ಆಶ್ರೇ ಸಂಘದ ಪದ್ಧತಿಯಲ್ಲಿ ಮೈನಸ್ 40 ಡಿಗ್ರಿಯ ದ್ರವಕ್ಕೆ ಸೊನ್ನೆ ಎಂದು ಹಿಡಿಯುತ್ತಾರೆ. ಇಂಜಿನಿಯರಿಂಗ್ ಕಾಲೇಜಿನ ಕೆಲವು ಜನಪ್ರಿಯ ಪಠ್ಯಪುಸ್ತಕಗಳ ಕೋಷ್ಟಕಗಳೂ ಹೀಗೆಯೇ ಇವೆ. ಸಾಮಾನ್ಯ ಒತ್ತಡದಲ್ಲಿ ಕುದಿಯುವ ಬಿಂದುವಿಗೆ ಸೊನ್ನೆ ಹಿಡಿಯುವ ಮೂರನೆಯ ಪದ್ಧತಿಯೂ ಉಂಟು. ಒಂದೇ ಊರಿನ ಎತ್ತರವನ್ನು ಒಬ್ಬರು ಸಮುದ್ರಮಟ್ಟದಿಂದ, ಇನ್ನೊಬ್ಬರು ಕೆರೆಯ ಏರಿಯಿಂದ ಅಳೆದ ಹಾಗೆ.

ಆಶ್ರೇ ಪದ್ಧತಿಯ ಕೋಷ್ಟಕದಲ್ಲಿ ಆರ್-134ಎಯ 5 ಡಿಗ್ರಿಯ ಆವಿಗೆ ಸುಮಾರು 253.4, 50 ಡಿಗ್ರಿಯ ದ್ರವಕ್ಕೆ ಸುಮಾರು 123.5 ಎಂದಿರುತ್ತದೆ. ಕಳೆದರೆ ಅದೇ 129.9. ಒಂದೇ ಪುಸ್ತಕದಲ್ಲಿ ನಿಂತವನಿಗೆ ಯಾವ ಅಪಾಯವೂ ಇಲ್ಲ. ಆದರೆ ಆವಿಯ ಅಂಕಿಯನ್ನು ಕಂಪನಿಯ ಕೈಪಿಡಿಯಿಂದ 401.5 ಎಂದೂ, ದ್ರವದ ಅಂಕಿಯನ್ನು ಮಗನ ಪಠ್ಯಪುಸ್ತಕದಿಂದ 123.5 ಎಂದೂ ಬರೆದುಕೊಂಡವನಿಗೆ 278 ಎಂಬ ಉತ್ತರ ಬರುತ್ತದೆ. ಉತ್ತರವು ಋಣಸಂಖ್ಯೆಯಾಗಿ ಬಂದಿದ್ದರೆ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತಿತ್ತು. 278 ಎಂಬುದು ನೋಡಲು ಸಭ್ಯವಾಗಿದೆ. ಆ ಲೆಕ್ಕವನ್ನು ನಂಬಿದವನು ಬೇಕಾದುದರ ಅರ್ಧಕ್ಕಿಂತಲೂ ಚಿಕ್ಕ ಕಂಪ್ರೆಸರ್‌ಗೆ ಆರ್ಡರ್ ಕೊಡುತ್ತಾನೆ. ಕಂಪ್ಯೂಟರಿನಲ್ಲಿಯೂ ಈ ಬಲೆಯಿದೆ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಮಾರುವ ರೆಫ್‌ಪ್ರಾಪ್, ಉಚಿತವಾಗಿ ದೊರೆಯುವ ಕೂಲ್‌ಪ್ರಾಪ್, ಎರಡರಲ್ಲಿಯೂ ಆಧಾರಬಿಂದುವನ್ನು ಬದಲಾಯಿಸಬಹುದು. ಯಾವ ಕೋಷ್ಟಕವೇ ಕೈಗೆ ಬರಲಿ, ಮೊದಲು ಸೊನ್ನೆ ಡಿಗ್ರಿಯ ಸಾಲಿಗೆ ಹೋಗಿ ದ್ರವದ ಎಂಥಾಲ್ಪಿ ಎಷ್ಟೆಂದು ನೋಡಿಕೊಳ್ಳುವ ಅಭ್ಯಾಸ ಮಾಡಿಕೊಂಡರೆ ಸಾಕು.

ಒತ್ತಡದಲ್ಲಿಯೂ ಇಂಥದೇ ಗೊಂದಲವಿದೆ. ಕೋಷ್ಟಕದ ಒತ್ತಡವು ಶೂನ್ಯದಿಂದ ಅಳೆದ ಪೂರ್ಣ ಒತ್ತಡ. ಗೇಜು ತೋರಿಸುವುದು ಹೊರಗಿನ ವಾಯುವಿನ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು. ಆರ್-134ಎ 5 ಡಿಗ್ರಿಯಲ್ಲಿ 350 ಕಿಲೋಪಾಸ್ಕಲ್ ಎಂದಿದ್ದರೆ, ಮಂಗಳೂರಿನಲ್ಲಿ ಗೇಜು ತೋರಿಸುವುದು ಸುಮಾರು 249, ಅಂದರೆ 36 ಪಿಎಸ್‌ಐ. ಒತ್ತಡದ ಅನುಪಾತವನ್ನು ಪೂರ್ಣ ಒತ್ತಡಗಳಿಂದ ತೆಗೆದರೆ 3.8, ಗೇಜಿನ ಅಂಕಿಗಳಿಂದ ತೆಗೆದರೆ 4.9. ಎರಡನೆಯದು ತಪ್ಪು. ಬೆಂಗಳೂರಿನವರಿಗೆ ಇನ್ನೂ ಒಂದು ಸೂಕ್ಷ್ಮವಿದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನ ವಾಯುವಿನ ಒತ್ತಡ 101 ಅಲ್ಲ, ಸುಮಾರು 91 ಕಿಲೋಪಾಸ್ಕಲ್. ಅದೇ ಯಂತ್ರದ ಗೇಜು ಇಲ್ಲಿ ಒಂದೂವರೆ ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಆರ್-134ಎಯಲ್ಲಿ ಇದರಿಂದ ಬರುವ ತಪ್ಪು ಸುಮಾರು ಒಂದು ಡಿಗ್ರಿ. 5 ಡಿಗ್ರಿ ಸೂಪರ್‌ಹೀಟ್ ಹೊಂದಿಸಲು ಹೊರಟವರಿಗೆ ಅದು ಉಪೇಕ್ಷಿಸುವಂಥದಲ್ಲ. ಅಧಿಕ ಒತ್ತಡದ ಕಡೆ ಮಾತ್ರ ಇದನ್ನು ಮರೆತರೂ ನಡೆದೀತು.

ಕ್ಯಾಟಲಾಗಿನ ಟನ್, ಗ್ರಾಹಕನ ಟನ್

ಕಂಪ್ರೆಸರ್ ಮೇಲೆ ಬರೆದ ಸಾಮರ್ಥ್ಯವು ಯಾವ ಷರತ್ತಿನಲ್ಲಿ ಅಳೆದದ್ದು ಎಂದು ಕೇಳುವ ಖರೀದಿದಾರರು ವಿರಳ. ಸಣ್ಣ ಹವಾನಿಯಂತ್ರಣ ಕಂಪ್ರೆಸರ್‌ಗಳ ಕ್ಯಾಟಲಾಗ್‌ಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಷರತ್ತು ಹೀಗಿದೆ: ಇವಾಪರೇಟರ್ 7.2 ಡಿಗ್ರಿ, ಕಂಡೆನ್ಸರ್ 54.4 ಡಿಗ್ರಿ, ವಾಲ್ವಿಗೆ ಹೋಗುವ ದ್ರವ 46.1 ಡಿಗ್ರಿ, ಕಂಪ್ರೆಸರ್‌ಗೆ ಬರುವ ಆವಿ 35 ಡಿಗ್ರಿ. ಈ ವಿಚಿತ್ರ ಅಂಕಿಗಳು ಫ್ಯಾರನ್‌ಹೀಟ್‌ನ 45, 130, 115 ಮತ್ತು 95ರ ರೂಪಾಂತರಗಳು.

ಇವುಗಳಲ್ಲಿ ಕೊನೆಯದನ್ನು ವಿಶೇಷವಾಗಿ ಪರಿಶೀಲಿಸಬೇಕು. ಆವಿಯು 7.2ರಿಂದ 35 ಡಿಗ್ರಿಯವರೆಗೆ ಬಿಸಿಯಾಗುವಾಗ ಹೀರುವ ಶಾಖವನ್ನೂ ಸಾಮರ್ಥ್ಯದಲ್ಲಿ ಸೇರಿಸಿ ಬರೆಯಲಾಗುತ್ತದೆ. ಆರ್-134ಎಗೆ ಲೆಕ್ಕ ಹಾಕಿದರೆ ಈ ಭಾಗವೇ ಒಟ್ಟು ಸಾಮರ್ಥ್ಯದ ಶೇ. 15ರ ಆಸುಪಾಸು. ವಾಸ್ತವದ ಯಂತ್ರದಲ್ಲಿ ಇದರ ಸ್ವಲ್ಪಾಂಶ ಮಾತ್ರ ಕಾಯಿಲಿನೊಳಗೆ ಉಪಯುಕ್ತವಾಗಿ ಆಗುತ್ತದೆ. ಉಳಿದದ್ದು ಸಕ್ಷನ್ ಪೈಪು ಹೊರಗಿನ ಹವೆಯಿಂದ ಹೀರಿಕೊಳ್ಳುವ ಶಾಖ, ಅದರಿಂದ ಗ್ರಾಹಕನ ಕೋಣೆಯೂ ತಣ್ಣಗಾಗದು, ನೀರೂ ತಣ್ಣಗಾಗದು. ಇದನ್ನು ಮೋಸವೆನ್ನಲಾಗದು, ಪ್ರಯೋಗಶಾಲೆಗಳಲ್ಲಿ ಕಂಪ್ರೆಸರ್‌ಗಳನ್ನು ಹೋಲಿಸಲು ಮಾಡಿಕೊಂಡ ಏರ್ಪಾಡು. ಆದರೆ ಆ ಅಂಕಿಯನ್ನು ಹಾಗೆಯೇ ಎತ್ತಿ ತನ್ನ ಚಿಲ್ಲರ್‌ನ ಫಲಕದ ಮೇಲೆ ಬರೆಯುವ ತಯಾರಕನು ತನಗೇ ಅರಿವಿಲ್ಲದೆ ಸುಳ್ಳು ಹೇಳಿದಂತಾಗುತ್ತದೆ. ಕಂಪ್ರೆಸರ್ ಕೊಳ್ಳುವಾಗ ವಿವಿಧ ಇವಾಪರೇಟರ್ ಹಾಗೂ ಕಂಡೆನ್ಸರ್ ಉಷ್ಣತೆಗಳಿಗೆ ಸಾಮರ್ಥ್ಯ ಮತ್ತು ವಿದ್ಯುತ್ ತೋರಿಸುವ ಪೂರ್ಣ ಪಟ್ಟಿಯನ್ನು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಆವಿ ಮತ್ತು ದ್ರವದ ಷರತ್ತುಗಳ ಸಹಿತ, ಕೇಳಿ ಪಡೆಯಬೇಕು. ಪ್ರತಿಷ್ಠಿತ ತಯಾರಕರು ಇದನ್ನು ಕೊಡುತ್ತಾರೆ.

ಮಿಶ್ರ ಶೀತಕಗಳ ಬಗ್ಗೆ ಎರಡು ಮಾತು ಸಾಕು. ಆರ್-410ಎ ಎರಡು ಅನಿಲಗಳ ಸಮಭಾಗದ ಮಿಶ್ರಣವಾದರೂ ಒಂದೇ ಅನಿಲದಂತೆ ವರ್ತಿಸುತ್ತದೆ. ಮೂರು ಅನಿಲಗಳ ಆರ್-407ಸಿ ಹಾಗಲ್ಲ. ಒಂದೇ ಒತ್ತಡದಲ್ಲಿ ಅದು ಕುದಿಯಲು ಆರಂಭಿಸುವ ಮತ್ತು ಪೂರ್ಣ ಆವಿಯಾಗುವ ಉಷ್ಣತೆಗಳ ನಡುವೆ ಸುಮಾರು 5ರಿಂದ 6 ಡಿಗ್ರಿ ಅಂತರವಿದೆ. ಅದಕ್ಕಾಗಿಯೇ ಅದರ ಕೋಷ್ಟಕದಲ್ಲಿ ಒತ್ತಡಕ್ಕೆ ಎರಡು ಕಂಬಗಳು. ಸೂಪರ್‌ಹೀಟ್ ನೋಡಲು ಆವಿಯ ಕಂಬ, ಕಂಡೆನ್ಸರ್‌ನ ದ್ರವ ಎಷ್ಟು ತಣಿದಿದೆ ಎಂದು ನೋಡಲು ದ್ರವದ ಕಂಬ. ಇದನ್ನು ಸಿಲಿಂಡರಿನಿಂದ ದ್ರವರೂಪದಲ್ಲಿಯೇ ತುಂಬಬೇಕು. ಇಲ್ಲವಾದರೆ ಬೇಗ ಆವಿಯಾಗುವ ಅಂಶ ಮೊದಲು ಹೊರಟು ಮಿಶ್ರಣದ ಹದ ಕೆಡುತ್ತದೆ.

ಅಂಗಡಿಯಲ್ಲಿ ಕೋಷ್ಟಕದ ಉಪಯೋಗ

ಕಂಪ್ರೆಸರ್ ಲೆಕ್ಕ ಹಾಕುವ ಗೋಜಿಲ್ಲದ, ಕೇವಲ ಗ್ಯಾಸ್ ಸಿಲಿಂಡರ್ ಮಾರುವ ವ್ಯಾಪಾರಿಗೂ ಈ ಕೋಷ್ಟಕ ಉಪಯೋಗಕ್ಕೆ ಬರುತ್ತದೆ. ಸಿಲಿಂಡರನ್ನು ರಾತ್ರಿಯಿಡೀ ನೆರಳಿನಲ್ಲಿಟ್ಟು, ಬೆಳಗ್ಗೆ ಅದರ ಮೈಯ ಉಷ್ಣತೆಯನ್ನೂ ಗೇಜಿನ ಒತ್ತಡವನ್ನೂ ನೋಡಬೇಕು. ಒಳಗೆ ದ್ರವ ಇರುವವರೆಗೆ, ಸಿಲಿಂಡರ್ ತುಂಬಿದ್ದರೂ ಮುಕ್ಕಾಲು ಖಾಲಿಯಾಗಿದ್ದರೂ ಒತ್ತಡ ಒಂದೇ. 30 ಡಿಗ್ರಿಯಲ್ಲಿ ಆರ್-134ಎ ಪೂರ್ಣ ಒತ್ತಡ 770 ಕಿಲೋಪಾಸ್ಕಲ್, ಅಂದರೆ ಕರಾವಳಿಯಲ್ಲಿ ಗೇಜಿಗೆ 97 ಪಿಎಸ್‌ಐ. ಆರ್-22 ಸುಮಾರು 158. ಗೇಜು ಇದಕ್ಕಿಂತ ಗಣನೀಯವಾಗಿ ಬೇರೆ ತೋರಿಸಿದರೆ ಒಳಗಿರುವುದು ಹೆಸರಿನ ಗ್ಯಾಸ್ ಅಲ್ಲ, ಇಲ್ಲವೇ ಅದರಲ್ಲಿ ಗಾಳಿ ಅಥವಾ ಬೇರೆ ಅನಿಲ ಬೆರೆತಿದೆ. ಎಷ್ಟು ತೂಕವಿದೆ ಎಂಬುದನ್ನು ಗೇಜಿನಿಂದ ತಿಳಿಯಲಾಗದು, ಅದಕ್ಕೆ ತಕ್ಕಡಿಯೇ ಬೇಕು.

ಆದರೆ ಒತ್ತಡ ಸರಿಹೊಂದಿದ ಮಾತ್ರಕ್ಕೆ ಮಾಲು ಶುದ್ಧವೆಂದು ಹೇಳಲಾಗದು. ಮಿಥೈಲ್ ಕ್ಲೋರೈಡ್ ಎಂಬ ಆರ್-40 ಮೈನಸ್ 24 ಡಿಗ್ರಿಯಲ್ಲಿ ಕುದಿಯುತ್ತದೆ, ಆರ್-134ಎ ಮೈನಸ್ 26ರಲ್ಲಿ. ಬಿಂದುಗಳು ಇಷ್ಟು ಹತ್ತಿರವಿರುವುದರಿಂದ ಕಲಬೆರಕೆದಾರರಿಗೆ ಇದು ಅನುಕೂಲ. ಆರ್-40 ವಿಷಕಾರಿ, ಉರಿಯುವಂಥದು, ಅಲ್ಯೂಮಿನಿಯಂನೊಡನೆ ಸೇರಿ ಗಾಳಿ ತಗುಲಿದೊಡನೆ ಹೊತ್ತಿಕೊಳ್ಳುವ ಪದಾರ್ಥವನ್ನು ಉಂಟುಮಾಡುತ್ತದೆ. 2011ರಲ್ಲಿ ವಿಯೆಟ್ನಾಂನಲ್ಲಿ ಸರ್ವಿಸ್ ಆಗಿದ್ದ ಶೈತ್ಯ ಕಂಟೇನರ್‌ಗಳ ಯಂತ್ರಗಳು ಸಿಡಿದು ಕೆಲಸಗಾರರು ಪ್ರಾಣ ಕಳೆದುಕೊಂಡದ್ದಕ್ಕೆ ಇಂಥ ಕಲಬೆರಕೆಯೇ ಕಾರಣವೆಂದು ಕಂಡುಬಂದಿತು. ಆದ್ದರಿಂದ ಗೇಜಿನ ಪರೀಕ್ಷೆಯಲ್ಲಿ ಅನುತ್ತೀರ್ಣವಾದ ಸಿಲಿಂಡರನ್ನು ಖಂಡಿತ ಹಿಂದಿರುಗಿಸಬೇಕು. ಉತ್ತೀರ್ಣವಾದದ್ದು ಅಪರಿಚಿತ ಮೂಲದಿಂದ, ಮಾರುಕಟ್ಟೆಗಿಂತ ತೀರ ಕಡಿಮೆ ದರಕ್ಕೆ, ಜಿಎಸ್‌ಟಿ ಬಿಲ್ಲಿಲ್ಲದೆ ಬಂದಿದ್ದರೆ ಪ್ರಯೋಗಶಾಲೆಯ ವಿಶ್ಲೇಷಣೆಯ ವರದಿ ಕೈಗೆ ಬರುವವರೆಗೆ ಅದನ್ನು ಯಾವ ಯಂತ್ರಕ್ಕೂ ತುಂಬಕೂಡದು, ಯಾರಿಗೂ ಮಾರಕೂಡದು.